ಟಿಕೆಟ್ ಮತ್ತು ಮೀಸಲು ಸ್ಥಾನ

ಪ್ರಶ್ನೆ: 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ದಾವಣಗೆರೆಯಲ್ಲಿ ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ಮಹಿಳೆಯರಿಗೇ ಟಿಕೆಟ್ ನೀಡಿದ್ದವು. ಇದು ಮೀಸಲಾತಿಯ ಫಲವೇ?
– ಓದುಗರೊಬ್ಬರು, ಚನ್ನಗಿರಿ

ಉತ್ತರ: ಅಲ್ಲ. ಪ್ರಭಾ ಮಲ್ಲಿಕಾರ್ಜುನ್ ಮತ್ತು ಗಾಯತ್ರಿ ಸಿದ್ದೇಶ್ವರ ಅವರನ್ನು ಕಣಕ್ಕಿಳಿಸಿದ್ದು ಆಯಾ ಪಕ್ಷಗಳ ಸ್ವಂತ ನಿರ್ಧಾರ. ಇಬ್ಬರೂ ರಾಜಕೀಯ ಮನೆತನದವರೆಂಬುದನ್ನೂ ಮರೆಯುವಂತಿಲ್ಲ. ಮಹಿಳೆಯರಿಗೆ ಇಂತಿಷ್ಟು ಟಿಕೆಟ್ ಕೊಡಲೇಬೇಕೆಂದು ಪಕ್ಷಗಳನ್ನು ಕಟ್ಟಿಹಾಕುವ ಕಾನೂನು ನಮ್ಮಲ್ಲಿಲ್ಲ. ಸ್ಥಾನಗಳನ್ನೇ ಕಾಯ್ದಿರಿಸುವುದು ನಮ್ಮ ಪದ್ಧತಿ. ಸಂವಿಧಾನದ 73ನೇ ತಿದ್ದುಪಡಿಯು ಪಂಚಾಯಿತಿಗಳಲ್ಲಿ ಕನಿಷ್ಠ ಮೂರನೇ ಒಂದರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಕರ್ನಾಟಕ ಅದನ್ನು ಶೇ. 50ಕ್ಕೆ ಏರಿಸಿದ್ದರಿಂದಲೇ ತಮ್ಮ ಸುತ್ತಲಿನ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸದಸ್ಯೆಯರಿದ್ದಾರೆ. 2023ರ 106ನೇ ತಿದ್ದುಪಡಿಯು ಲೋಕಸಭೆ, ವಿಧಾನಸಭೆಗಳಿಗೂ ಮೂರನೇ ಒಂದರ ಮೀಸಲಾತಿಯನ್ನು ವಿಸ್ತರಿಸಿತಾದರೂ, ಅದನ್ನು ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ತಳುಕು ಹಾಕಿತು; ಹಾಗಾಗಿ 2024ರ ಚುನಾವಣೆಗೆ ಅದು ಅನ್ವಯಿಸಲಿಲ್ಲ. ರಾಜ್ಯಸಭೆ ಮತ್ತು ವಿಧಾನ ಪರಿಷತ್ತುಗಳನ್ನಂತೂ ಹೊರಗೇ ಉಳಿಸಿತು.