ಬಿಟ್ಟ ಜಾಗ ಯಾರದ್ದು?

ಮೈಸೂರಿನ ಸರಸ್ವತಿಪುರಂನಿಂದ ಓದುಗರೊಬ್ಬರು ಬರೆದಿದ್ದಾರೆ: ‘ತಂದೆ ಬಿಟ್ಟುಹೋದ 40×60 ಸೈಟಿದೆ. ಹಳೇ ಮನೆ ಕೆಡವಿ ಇಬ್ಬರು ಗಂಡುಮಕ್ಕಳಿಗೂ ಆಗುವಂತೆ ಕಟ್ಟಿಸಬೇಕು. ಎಂಜಿನಿಯರು ಎಫ್‌ಎಆರ್ 1.75 ದಾಟುವ ಹಾಗಿಲ್ಲ ಅಂತಾರೆ. ಅಂದ್ರೆ ಒಂದೂಮುಕ್ಕಾಲು ಅಂತಸ್ತಾ? ನನ್ನ ಸೈಟಲ್ಲಿ ನಾನು ಎಷ್ಟು ಕಟ್ಟಿದರೆ ಯಾರಿಗೇನು ನಷ್ಟ?’

ಸ್ವಾಮಿ, ಮೊದಲು ಲೆಕ್ಕ ನೋಡೋಣ. ಎಫ್‌ಎಆರ್ ಅಂದರೆ ಅಂತಸ್ತಿನ ಎಣಿಕೆ ಅಲ್ಲ. ಎಲ್ಲ ಅಂತಸ್ತುಗಳ ಅಳತೆ ಕೂಡಿಸಿ ಸೈಟಿನ ಅಳತೆಯಿಂದ ಭಾಗಿಸಿದರೆ ಬರುವುದು ಅದು. ನೂರು ಚದರಡಿಗೆ ಒಂದು ಚದರ, ನಿಮ್ಮದು 24 ಚದರದ ಸೈಟು. 1.75ರಿಂದ ಗುಣಿಸಿ, 42 ಚದರ ಆಯಿತು. ಕೆಳಗೆ 14 ಚದರ ಹಿಡಿದರೆ ಮೂರು ಅಂತಸ್ತು ಸರಿಯಾಗಿ ಕೂರುತ್ತದೆ. ಕಂಬದ ಮೇಲೆ ಮನೆ ಎತ್ತಿ ಕೆಳಗೆ ಬಿಡುವ ಕಾರಿನ ಜಾಗ, ತಾರಸಿ ಮೇಲಿನ ಮೆಟ್ಟಿಲ ಕೋಣೆ ಇದರಲ್ಲಿ ಸೇರುವುದಿಲ್ಲ. ಸೈಟಿನ ಅಳತೆ, ಮುಂದಿನ ರಸ್ತೆಯ ಅಗಲ ನೋಡಿ ಈ ಅಂಕಿ ಬದಲಾಗುತ್ತದೆ. ಸೆಟ್‌ಬ್ಯಾಕು, ಅಂದರೆ ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗ, ಮತ್ತು ಎತ್ತರದ ಮಿತಿ ಬೇರೆ ನಿಯಮಗಳು, ಅವನ್ನೂ ಪಾಲಿಸಬೇಕು.

ಸಂಸಾರ ಬೆಳೆಯುತ್ತೆ, ಜಾಗ ಬೆಳೆಯಲ್ಲ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ‘ಯಾರಿಗೇನು ನಷ್ಟ’ ಅಂದಿರಲ್ಲ, ಆ ಮಾತನ್ನು ಮಾತ್ರ ನಾನು ಒಪ್ಪಲಾರೆ.

ನಾನು ಬೆಳೆದದ್ದು ಕೃಷ್ಣಮೂರ್ತಿಪುರಂನಲ್ಲಿ. ಮಾರ್ಚ್ ಬಂತೆಂದರೆ ಅಮ್ಮ ಹಿತ್ತಲಲ್ಲಿ ಅಪ್ಪನ ಹಳೇ ಪಂಚೆ ಹಾಸಿ ಅರಳು ಸಂಡಿಗೆ ಇಡುತ್ತಿದ್ದರು. ಬೆಳಿಗ್ಗೆ ಏಳಕ್ಕೇ ಬಿಸಿಲು. ಆಮೇಲೆ ಪೂರ್ವದ ಮನೆಯವರು ಕಾಂಪೌಂಡಿಗೇ ಗೋಡೆ ತಾಗಿಸಿ ನಾಲ್ಕು ಅಂತಸ್ತು ಎತ್ತಿದರು. ಹನ್ನೊಂದರವರೆಗೆ ನಮ್ಮ ಹಿತ್ತಲು ನೆರಳಲ್ಲೇ. ಆ ವರ್ಷ ಸಂಡಿಗೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ. ಡಬ್ಬಕ್ಕೆ ತುಂಬಿ ವಾರಕ್ಕೇ ಬೂಷ್ಟು ಹಿಡಿಯಿತು. ಅಮ್ಮ ಅದನ್ನೆಲ್ಲ ತಿಪ್ಪೆಗೆ ಸುರಿದು, ಮತ್ತೆ ಆ ಹಿತ್ತಲಲ್ಲಿ ಸಂಡಿಗೆ ಇಡಲೇ ಇಲ್ಲ. ಅಡುಗೆಮನೆಯಲ್ಲಿ ಹಗಲೂ ಲೈಟು ಹಾಕುವುದು ಆಗಲೇ ಶುರುವಾದದ್ದು. ನಷ್ಟ ಅಂದರೆ ಇದು.

ಎಲ್ಲ ಊರುಗಳೂ ಇದನ್ನು ಪೆಟ್ಟು ತಿಂದೇ ಕಲಿತದ್ದು. ನ್ಯೂಯಾರ್ಕಿನಲ್ಲಿ 1915ರಲ್ಲಿ ಎದ್ದ ಈಕ್ವಿಟಬಲ್ ಕಟ್ಟಡದ ನೆರಳು ಅಕ್ಕಪಕ್ಕದ ಬೀದಿಗಳನ್ನು ನುಂಗಿತು. ಮರುವರ್ಷವೇ ಕಟ್ಟಡಗಳಿಗೆ ನಿಯಮ ಬಂತು, 1961ರಲ್ಲಿ ಎಫ್‌ಎಆರ್ ಬಂತು. ಅಷ್ಟು ದೂರ ಯಾಕೆ, ನಮ್ಮ ಮೈಸೂರನ್ನೇ ನೋಡಿ. ಪ್ಲೇಗಿನಲ್ಲಿ ಜನ ಸತ್ತ ಮೇಲೆ ಗಾಳಿ ಬೆಳಕಿಲ್ಲದ ಕೇರಿಗಳ ಭಯ ಹುಟ್ಟಿತು. 1903ರಲ್ಲಿ ಊರನ್ನು ಸುಧಾರಿಸಲೆಂದೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. ಅಗಲ ರಸ್ತೆ, ಮನೆ ಹಿಂದೆ ಕಸ-ಕೊಳೆ ಸಾಗಿಸಲು ಬಿಟ್ಟ ಕನ್ಸರ್‌ವೆನ್ಸಿ ಗಲ್ಲಿ ಇರುವ ಹೊಸ ಬಡಾವಣೆಗಳು ಬಂದವು. ‘ಮೈಸೂರು ಎಷ್ಟು ಚೆನ್ನಾಗಿದೆ’ ಅಂತ ಬಂದವರೆಲ್ಲ ಹೊಗಳುವುದು ಹಿರಿಯರು ಹಾಗೆ ಬಿಟ್ಟ ಜಾಗವನ್ನೇ ಅಲ್ವಾ? ಈಗ ಆ ಜಾಗವನ್ನು ಅಡಿ ಅಡಿ ತಿನ್ನುತ್ತಿದ್ದೇವೆ.

ಮಂಜೂರಾದ ಪ್ಲಾನ್ ಒಂದು, ಎದ್ದ ಮನೆ ಇನ್ನೊಂದು. ಒಂದು ಸಂಸಾರಕ್ಕೆಂದು ಹಾಕಿದ ಒಳಚರಂಡಿ ಪೈಪಿಗೆ ಎಂಟು ಪೋರ್ಷನ್ನಿನ ನೀರು ಬಿಟ್ಟರೆ ಮ್ಯಾನ್‌ಹೋಲು ಉಕ್ಕದೆ ಇನ್ನೇನಾಗುತ್ತದೆ? ಉಕ್ಕಿದ ಮೇಲೆ ಬೈಯುವುದು ಕಾರ್ಪೊರೇಷನ್ನನ್ನು. ‘ಹೇಗೂ ಅಕ್ರಮ-ಸಕ್ರಮ ಬರುತ್ತೆ’ ಅನ್ನುವ ಧೈರ್ಯ ಬೇರೆ. ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡವನ್ನು ಸಕ್ರಮ ಮಾಡುವ ಆ ಯೋಜನೆಗೆ 2017ರಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಎಷ್ಟು ಹಳೆಯದಾದರೂ, ಎಷ್ಟೇ ದುಡ್ಡು ಸುರಿದಿದ್ದರೂ ಅನಧಿಕೃತ ಕಟ್ಟಡ ಅನಧಿಕೃತವೇ ಅಂತ 2024ರ ಡಿಸೆಂಬರಿನಲ್ಲಿ ಅದೇ ಕೋರ್ಟು ಹೇಳಿದೆ. ತಪ್ಪು ಮಾಡಿದವರು ಆರಾಮಾಗಿದ್ದಾರೆ, ಕೇಳಿ ಕಟ್ಟುವ ನಿಮ್ಮಂಥವರಿಗೆ ಮಾತ್ರ ಅಲೆದಾಟ. ಈ ಸಿಟ್ಟು ನನಗೂ ಇದೆ. ಆದರೂ ನೀವು ಕೇಳಿ ಕಟ್ಟುವವರ ಸಾಲಲ್ಲೇ ಇರಿ.

14 ಚದರ ಕಟ್ಟಿದರೆ 10 ಚದರ ಮಣ್ಣು ಉಳಿಯುತ್ತದೆ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಆ 10 ಚದರದ ಮೇಲೆ ಬೀಳುವ ನೀರೇ 74 ಸಾವಿರ ಲೀಟರ್ ಆಗುತ್ತದೆ. ಅದರಲ್ಲಿ ಅರ್ಧ ಇಂಗಿದರೂ 6 ಸಾವಿರ ಲೀಟರಿನ ಆರು ಟ್ಯಾಂಕರಿನಷ್ಟು. ದಯವಿಟ್ಟು ಅದರ ಮೇಲೆ ಸಿಮೆಂಟು ಬಳಿಸಬೇಡಿ. ಎಂಜಿನಿಯರ ಹತ್ತಿರ ಇನ್ನೊಂದು ಸಲ ಕೂತು, ಪೂರ್ವಕ್ಕೆ ಯಾರ ಹಿತ್ತಲಿದೆ, ಪಶ್ಚಿಮಕ್ಕೆ ಯಾರ ಅಡುಗೆಮನೆ ಕಿಟಕಿ ಇದೆ ಅಂತ ಪ್ಲಾನಿನಲ್ಲಿ ಗುರುತು ಹಾಕಿಸಿ.