ನೆನಪು, ವಿಷಾದದ ಫೋಟೊ ಪ್ರದರ್ಶನಕ್ಕೆ ದಾವಣಗೆರೆಯಲ್ಲಿ ಜನ ಬರುತ್ತಾರೆಯೇ?

ನೀವು ಕೇಳಿರುವುದು ಎರಡು. ಮನೆಮನೆಯ ಹಳೆಯ ಫೋಟೊಗಳನ್ನು ಸೇರಿಸಿ ನೆನಪು, ವಿಷಾದವೆಂದು ಪ್ರದರ್ಶನ ಮಾಡಿದರೆ ಇಲ್ಲಿ ಜನ ಬರುತ್ತಾರೆಯೇ? ಎಲ್ಲವನ್ನೂ ಕಪ್ಪು ಬಿಳುಪಿನಲ್ಲೇ ಮುದ್ರಿಸಬೇಕೇ? ಬರುತ್ತಾರೆ, ಅನುಮಾನ ಬೇಡ. 1964ರಿಂದ ದೃಶ್ಯಕಲಾ ಮಹಾವಿದ್ಯಾಲಯವಿರುವ ಊರು ಇದು. ಎರಡನೆಯದರಲ್ಲಿ ನಾನು ಎಡವಿದ್ದೇನೆ, ಅದನ್ನೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನದ ನೆಪದಲ್ಲಿ, ಗೆಳೆಯರಿಬ್ಬರ ಜೊತೆ ಇಂಥದ್ದೇ ಪ್ರದರ್ಶನ ಮಾಡಿದ್ದೆ. ಹತ್ತಿ ಗಿರಣಿಗಳಲ್ಲಿ ದುಡಿದವರ ಮನೆಗಳಿಂದ ನಲವತ್ತು ಫೋಟೊ ತಂದೆವು. ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡ ಊರು, ಮುಚ್ಚಿದ ಗಿರಣಿಗಳು, ಮಂಡಕ್ಕಿ ಭಟ್ಟಿಗಳ ಹೊಗೆ. ವಿಷಾದಕ್ಕೆ ಇನ್ನೇನು ಬೇಕು ಎಂದುಕೊಂಡೆ. ಎಂಬತ್ತರ ದಶಕದ ಬಣ್ಣದ ಪ್ರಿಂಟ್‌ಗಳು ಕೆಂಪಡರಿದ್ದವು. (ಆ ಕಾಲದ ಎಷ್ಟೋ ಪ್ರಿಂಟ್‌ಗಳಲ್ಲಿ ಪೆಟ್ಟಿಗೆಯ ಕತ್ತಲಲ್ಲಿಟ್ಟರೂ ಸಯಾನ್ ಎಂಬ ಹಸಿರು ಬೆರೆತ ನೀಲಿ ಬಣ್ಣ ಮೊದಲು ಮಾಸುತ್ತದೆ, ಕೆಂಪು ಉಳಿಯುತ್ತದೆ.) ನೋಡಲು ಚೆನ್ನಾಗಿಲ್ಲವೆಂದು ಎಲ್ಲವನ್ನೂ ಸ್ಕ್ಯಾನ್ ಮಾಡಿ, ಬಣ್ಣ ತೆಗೆದು ಮುದ್ರಿಸಿದೆ.

ಮೊದಲ ದಿನ ಬಾಗಿಲಲ್ಲಿ ಚಪ್ಪಲಿಗಳ ಸಾಲು. ಬಿಡಿ ಎಂದು ಯಾರೂ ಹೇಳಿರಲಿಲ್ಲ. ಗೋಡೆಯ ಮೇಲಿದ್ದವರಲ್ಲಿ ಅರ್ಧಕ್ಕರ್ಧ ತೀರಿಕೊಂಡವರು, ಬಂದವರಿಗೆ ಅದು ಗೊತ್ತು. ಅರವತ್ತು ದಾಟಿದ ಒಬ್ಬ ತಾಯಿ ತಮ್ಮದೇ ಮದುವೆಯ ಫೋಟೊ ಮುಂದೆ ಬಹಳ ಹೊತ್ತು ನಿಂತರು. ಸುಳ್ಳೇಕೆ, ನಾನು ಕಣ್ಣೀರಿಗೆ ಕಾಯುತ್ತಿದ್ದೆ. ಅವರು ತಿರುಗಿ ಕೇಳಿದರು: “ತಮ್ಮಾ, ಇದು ಗಿಳಿಹಸಿರು ಇಳಕಲ್ ಸೀರೆ. ನಮ್ಮಪ್ಪ ಬೋನಸ್ ಹಣದಲ್ಲಿ ತಂದದ್ದು. ಇದಕ್ಕೇಕೆ ಬೂದಿ ಬಳಿದೆ?” ಆಮೇಲೆ ಪಕ್ಕದವರೊಡನೆ ಮದುವೆ ಊಟದಲ್ಲಿ ಬೀಗರು ಮುನಿಸಿಕೊಂಡದ್ದನ್ನು ನೆನೆದು ನಕ್ಕರು. ಆ ಫೋಟೊಗೆ ವಿಷಾದ ತಂದು ಅಂಟಿಸಿದವನು ನಾನು.

ಅಂದು ರಾತ್ರಿಯೇ ಪ್ರತಿ ಚಿತ್ರದ ಪಕ್ಕ ಕೆಂಪಡರಿದ ಮೂಲ ಪ್ರಿಂಟನ್ನು ತೂಗುಹಾಕಿದೆವು. ಮರುದಿನ ಜನ ದೊಡ್ಡ ಚಿತ್ರಗಳನ್ನು ಬಿಟ್ಟು ಆ ಅಂಗೈಯಗಲದ ಕಾಗದಗಳಿಗೇ ಮುಖವಿಟ್ಟು ನೋಡುತ್ತಿದ್ದರು.

ಆದ್ದರಿಂದ ಕಪ್ಪು ಬಿಳುಪಿನದು ಹಾಗೆಯೇ ಇರಲಿ, ಬಣ್ಣದ್ದು ಬಣ್ಣದಲ್ಲೇ ಇರಲಿ, ಮಾಸಿದ್ದರೂ ಸರಿ. ಫೋಟೊದ ಬೆನ್ನನ್ನೂ ಸ್ಕ್ಯಾನ್ ಮಾಡಿ: ಸ್ಟುಡಿಯೊ ಮೊಹರು, ತಾರೀಖು, ಒಮ್ಮೊಮ್ಮೆ ಹಾಲಿನ ಲೆಕ್ಕ ಕೂಡ ಸಿಗುತ್ತದೆ. ಗಾಜಿಗೆ ಅಂಟಿಕೊಂಡದ್ದನ್ನು ಕೀಳಲು ಹೋಗಬೇಡಿ, ಚಿತ್ರದ ಪದರವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಪ್ರತಿ ತೆಗೆಯಿರಿ. ವಿವರವನ್ನು ನೀವೇ ಬರೆದು ಮುಗಿಸಬೇಡಿ, ಖಾಲಿ ಚೀಟಿ ಮತ್ತು ಪೆನ್ನು ಇಡಿ. ‘ಇವರು ಸೋದರಮಾವ ಅಲ್ಲ, ಅವರ ಷಡ್ಡಕ’ ಎಂದು ನಮ್ಮನ್ನು ತಿದ್ದಿದ ಚೀಟಿ ಈಗಲೂ ನನ್ನ ಬಳಿ ಇದೆ.

ಇನ್ನೊಂದು. ಫೋಟೊಗಳನ್ನು ಬೇಗ ಹಿಂದಿರುಗಿಸಿ. ನಾನು ಉದಾಸೀನ ಮಾಡಿದೆ, ಮಹಾಲಯ ಅಮಾವಾಸ್ಯೆ ಬಂದುಬಿಟ್ಟಿತು. ಕೊಡಲು ಹೋದಾಗ ಒಂದು ಮನೆಯವರು ಬೈಯಲಿಲ್ಲ. ಮೊಬೈಲಿನಲ್ಲಿ ಅಜ್ಜನ ಚಿತ್ರ ತೆರೆದು, ಗೋಡೆಗೊರಗಿಸಿ, ಹೂವಿಟ್ಟು ಎಡೆ ಇಟ್ಟೆವು ಎಂದರು. ಪರದೆ ಆರಿ ಹೋಗದಂತೆ ಮೊಮ್ಮಗ ಪಕ್ಕದಲ್ಲೇ ಕುಳಿತು ಆಗಾಗ ಮುಟ್ಟುತ್ತಿದ್ದನಂತೆ.