ಪ್ರಕರಣ: ‘ಸೊಸೆಯದೇ ತಪ್ಪು’ ಎಂದು ಬರೆದು ನಿಂತುಬಿಟ್ಟ ಹುಡುಗಿ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಬಿ.ಎ. ಎರಡನೇ ವರ್ಷದ ಹುಡುಗಿ. ನಿದ್ದೆ ಬರಲ್ಲ, ಕಾಲೇಜಿಗೆ ಹೋಗೋಕೆ ಮನಸ್ಸಿಲ್ಲ ಎಂದು ನನ್ನ ಬಳಿ ಸಲಹೆಗೆ ಬಂದಳು. ಕೇಳುತ್ತಾ ಹೋದರೆ ಗಂಟು ಇದ್ದದ್ದು ಕನ್ನಡದ ಒಂದು ಅಸೈನ್‌ಮೆಂಟಿನಲ್ಲಿ. ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಕಥೆಯ ಬಗ್ಗೆ ವಿಮರ್ಶೆ ಬರೆಯಬೇಕು. ಮೊದಲು ಬರೆದುಕೊಟ್ಟದ್ದನ್ನು ಮೇಷ್ಟ್ರು ‘ಇದು ಸಾರಾಂಶ, ವಿಮರ್ಶೆ ಎಲ್ಲಿ?’ ಎಂದು ವಾಪಸ್ ಕೊಟ್ಟಿದ್ದರು. ಮತ್ತೆ ಕೂತಾಗ ‘ಈ ಕಥೆಯಲ್ಲಿ ಸೊಸೆಯದೇ ತಪ್ಪು’ ಎಂದು ಒಂದು ಸಾಲು ಬರೆದಳಂತೆ. ಅಲ್ಲಿಂದ ಮುಂದಕ್ಕೆ ಪೆನ್ನು ಓಡಲಿಲ್ಲ.

ಕಥೆ ಓದದವರಿಗೆ ಎರಡು ಮಾತು. ಮಂಗಮ್ಮ ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಮಾರಲು ಬರುವವಳು. ಸೊಸೆ ನಂಜಮ್ಮ ಮಗುವಿಗೆ ಹೊಡೆದಳೆಂದು ಜಗಳವಾಗುತ್ತದೆ. ಮಗ ಹೆಂಡತಿಯ ಕಡೆ ನಿಲ್ಲುತ್ತಾನೆ. ಮಂಗಮ್ಮ ಬೇರೆಯಾಗುತ್ತಾಳೆ, ದುಡ್ಡು ಕೂಡಿಟ್ಟು ಯಾರಿಗೆ ಎಂದು ಮಖಮಲ್ಲಿನ ಜಾಕೀಟು ಹಾಕಿಕೊಳ್ಳುತ್ತಾಳೆ. ಕೊನೆಗೆ ಮೊಮ್ಮಗನ ನೆಪದಲ್ಲಿ ಎಲ್ಲರೂ ಒಂದಾಗುತ್ತಾರೆ.

ಈ ಹುಡುಗಿಯ ಮನೆಯಲ್ಲೂ ಅಜ್ಜಿಗೆ ಬೇರೆ ಒಲೆ, ಅಮ್ಮನಿಗೆ ಬೇರೆ ಒಲೆ. ಇವಳು ಬೆಳೆದದ್ದು ಅಜ್ಜಿಯ ಮಡಿಲಲ್ಲಿ. ‘ಬರೆಯೋಕೆ ಕೂತರೆ ಅಮ್ಮನ ಮುಖ ಬರುತ್ತೆ ಮೇಡಂ’ ಎಂದಳು. ಇಂಥ ಕಡೆ ‘ಮನಸ್ಸಿಗೆ ಬಂದದ್ದೆಲ್ಲ ಬರೆದುಬಿಡು’ ಎನ್ನುವವರು ಜಾಸ್ತಿ. ನನಗೆ ಅದು ಸರಿ ಕಾಣಲಿಲ್ಲ. ಮಾರ್ಕ್ಸ್ ಬೀಳುವ ಹಾಳೆಯಲ್ಲಿ ಮನೆಯ ಪಂಚಾಯಿತಿ ಮಾಡಿದರೆ ಪ್ರಬಂಧವೂ ಆಗುವುದಿಲ್ಲ, ಮನಸ್ಸೂ ಹಗುರ ಆಗುವುದಿಲ್ಲ.

‘ಈ ಕಥೇನ ನಿನಗೆ ಹೇಳ್ತಿರೋರು ಯಾರಮ್ಮ?’ ಎಂದು ಕೇಳಿದೆ.

‘ಮಾಸ್ತಿ.’

‘ಕಥೆಯ ಒಳಗೆ?’

‘ಮೊಸರು ತಗೊಳ್ಳೋ ಮನೆಯಾಕೆ.’

‘ಆಕೆಗೆ?’

‘ಮಂಗಮ್ಮ ಹೇಳಿದ್ದು.’

‘ಹಾಗಾದ್ರೆ ನಂಜಮ್ಮ ಕೆಟ್ಟವಳು ಅಂತ ನಿನಗೆ ಹೇಗೆ ಗೊತ್ತಾಯ್ತು?’

ಸ್ವಲ್ಪ ಹೊತ್ತು ಪುಸ್ತಕ ತಿರುವಿದಳು. ‘ನಂಜಮ್ಮ ತಾನೇ ಮೊಸರು ತಗೊಂಡು ಬರೋದು ಕೊನೇಲಿ. ಅವಳ ಮಾತು ನೇರವಾಗಿ ಕೇಳೋದು ಆಗ್ಲೇ. ಅಲ್ಲಿವರೆಗೂ ಬರೀ ಅತ್ತೆ ಹೇಳಿದ್ದೇ.’

ಅದನ್ನೇ ಬರಿ ಎಂದೆ. ಸೊಸೆಯ ಮಾತನ್ನು ಕಥೆ ಯಾಕೆ ಅಷ್ಟು ಹೊತ್ತು ತಡೆದು ಇಡುತ್ತದೆ? ಅವಳ ಮಾತು ಕೇಳಿದ ಮೇಲೆ ಹಿಂದೆ ಓದಿದ್ದೆಲ್ಲ ಹೇಗೆ ಬದಲಾಗುತ್ತದೆ? ವಿಮರ್ಶೆ ಎಂದರೆ ಯಾರಿಗೆ ಶಿಕ್ಷೆ ಎಂದು ತೀರ್ಪು ಕೊಡುವುದು ಎಂದುಕೊಂಡಿದ್ದಳು. ಸಿಕ್ಕಿಬಿದ್ದದ್ದೇ ಅಲ್ಲಿ.

ನಾನು ಕನ್ನಡ ಪಾಠ ಹೇಳುವವಳಲ್ಲ. ಆದರೂ ಕೆಲಸ ಕೈಗೆ ಹತ್ತುವಷ್ಟು ಸಣ್ಣದಾದರೆ ಭಯ ಇಳಿಯುತ್ತದೆ. ಹಾಗಾಗಿ ಇಷ್ಟು ಹೇಳಿದೆ. ಮೊದಲು ಪೆನ್ಸಿಲ್ ಹಿಡಿದು ಕಥೆಯನ್ನು ಇನ್ನೊಂದು ಸಲ ಓದು. ನಂಜಮ್ಮನ ವಿಷಯ ಬಂದ ಕಡೆಯೆಲ್ಲ ಅದನ್ನು ಹೇಳಿದ್ದು ಯಾರು ಎಂದು ಪಕ್ಕದಲ್ಲಿ ಗುರುತು ಮಾಡು. ಆಮೇಲೆ ನಿನ್ನ ಮಾತನ್ನು ಒಂದೇ ವಾಕ್ಯದಲ್ಲಿ ಬರಿ. ಓದಿದವರು ಯಾರಾದರೂ ‘ಹಾಗೇನಿಲ್ಲ ಬಿಡು’ ಎಂದು ವಾದಕ್ಕೆ ಬರುವಂತಿರಬೇಕು. ‘ಕಥೆಯಲ್ಲಿ ಕುಟುಂಬದ ಮೌಲ್ಯಗಳಿವೆ’ ಎಂದರೆ ಯಾರು ಬರುತ್ತಾರೆ, ಹೇಳು? ಮೇಷ್ಟ್ರು ಕಥೆ ಓದಿರುತ್ತಾರೆ, ಆದ್ದರಿಂದ ನಿನ್ನ ವಾದಕ್ಕೆ ಬೇಕಾದಷ್ಟೇ ಕಥೆ ಹೇಳು. ಕಥೆಯಿಂದ ಒಂದು ಸಾಲು ಎತ್ತಿಕೊಂಡರೆ ಅದರ ಬಗ್ಗೆ ನಿನ್ನವೇ ಎರಡು ಸಾಲು ಇರಲಿ. ಪೀಠಿಕೆಯನ್ನು ಎಲ್ಲ ಬರೆದಾದ ಮೇಲೆ ಕೊನೆಗೆ ಬರಿ.

ಜಾಕೀಟಿನ ಬಗ್ಗೆ ಅವಳಿಗೇ ಒಂದು ಪ್ಯಾರಾ ಹೊಳೆಯಿತು. ಅದು ಮಂಗಮ್ಮನಿಗೆ ಒಂದು ಥರ, ನೋಡುವವರಿಗೆ ಇನ್ನೊಂದು ಥರ ಅಲ್ವಾ ಎಂದಳು. ನಾನು ಅಷ್ಟು ಯೋಚಿಸಿರಲಿಲ್ಲ.

ಮೊದಲ ಪ್ರತಿಯ ಒಂದು ಪುಟ ಪೂರ್ತಿ ಮಾಸ್ತಿಯವರ ಪರಿಚಯವೇ ಇತ್ತು. 1891ರಲ್ಲಿ ಜನನ, 1983ರ ಜ್ಞಾನಪೀಠ, ಹೀಗೆ. ಗೈಡ್ ಓದಿ ಬಂದ ಅಭ್ಯಾಸ. ಆ ಜ್ಞಾನಪೀಠ ಬಂದದ್ದು ‘ಚಿಕವೀರ ರಾಜೇಂದ್ರ’ ಕಾದಂಬರಿಗೆ, ಅದಕ್ಕೂ ಮಂಗಮ್ಮನಿಗೂ ಏನು ಸಂಬಂಧ? ಹೊಡೆದುಹಾಕಿದಳು.

ಮನೆಯ ಸಿಟ್ಟಿಗೆ ಬೇರೆ ನೋಟ್‌ಬುಕ್ ಇಡಲು ಹೇಳಿದೆ. ಅದು ಯಾರಿಗೂ ತೋರಿಸಲು ಅಲ್ಲ. ಅಜ್ಜಿ ಮತ್ತು ಅಮ್ಮನನ್ನು ಒಂದು ಮಾಡುವ ಕೆಲಸ ನಿನ್ನದಲ್ಲ ಎಂದೂ ಹೇಳಿದೆ. ಈ ಮಾತಿಗೆ ಅತ್ತಳು. ರಾತ್ರಿ ಹನ್ನೊಂದರ ಮೇಲೆ ಪ್ರಬಂಧ ಮುಟ್ಟಬೇಡ ಎಂದದ್ದಕ್ಕೆ ಮಾತ್ರ ಸುಮ್ನೆ ತಲೆಯಾಡಿಸಿದಳು, ಪಾಲಿಸಿದ ಹಾಗೆ ಕಾಣಲಿಲ್ಲ.

ಪ್ರಬಂಧ ಕೊಟ್ಟಾಯಿತು. ಕಥೆ ಹೇಳುವ ಮನೆಯಾಕೆಯ ಬಗ್ಗೆ ಇನ್ನಷ್ಟು ಬರೆಯಬಹುದಿತ್ತು ಎಂದು ಮೇಷ್ಟ್ರು ಅಂಚಿನಲ್ಲಿ ಬರೆದಿದ್ದಾರೆ. ಕಾಲೇಜಿಗೆ ಹೋಗುತ್ತಿದ್ದಾಳೆ, ನಿದ್ದೆ ಪರವಾಗಿಲ್ಲ. ಮನೆಯಲ್ಲಿ ಒಲೆ ಇನ್ನೂ ಎರಡೇ. ಆ ವಿಷಯ ಮಾತಾಡಲು ಮುಂದಿನ ತಿಂಗಳು ಬರುತ್ತಾಳೆ. ಅಮ್ಮನನ್ನೂ ಕರೆದುಕೊಂಡು ಬರಲಾ ಎಂದು ಕೇಳಿದ್ದಾಳೆ. ಅಮ್ಮನಿಗೆ ಇಷ್ಟವಿದ್ದರೆ ಬರಲಿ ಎಂದಿದ್ದೇನೆ.